ಕಾಯಿಸಿದ ಬೆಣ್ಣೆಯ ಸಾವಿರ ಎಲೆ

ಮಾರುವ ತಿಂಡಿಗೆಂದು ತಂದ ಬೆಣ್ಣೆಯನ್ನು ಅತ್ತೆಯ ಕೈಗೆಟುಕುವಂತೆ ಇಡಬೇಡಿ. ಇಟ್ಟರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಮ್ಮವರಿಗೆ ಫ್ರಾನ್ಸಿನ ಒಂದು ಸಣ್ಣ ಊರಿನ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಬೀದಿಬೀದಿಯ ಸಿಹಿ ಅಂಗಡಿ ಸುತ್ತಿದೆ. ಬಾದಾಮಿ ಬಿಲ್ಲೆ, ನಿಂಬೆರಸದ ತಟ್ಟೆಕಡುಬು, ಬೆಣ್ಣೆ ಒಸರುವ ಕ್ರೊಸಾಂ, ಒಂದನ್ನೂ ಬಿಡಲಿಲ್ಲ. ತಿಂದದ್ದನ್ನು ಮನೆಗೆ ಬಂದು ಮಾಡಿ ನೋಡುವುದು, ಕೆಟ್ಟರೆ ಮತ್ತೆ ಮಾಡುವುದು. ಕೊನೆಗೆ ಕೈ ಕುದುರಿದ್ದು ಮಿಲ್‌ಫೋಯ್‌ನಲ್ಲಿ. ಆ ಹೆಸರಿಗೆ ಸಾವಿರ ಎಲೆ ಎಂದರ್ಥ. ಗಟ್ಟಿ ಬೆಣ್ಣೆಯನ್ನು ಹಿಟ್ಟಿನೊಳಗೆ ಮಡಚಿ ಲಟ್ಟಿಸಿ, ಮತ್ತೆ ಮಡಚಿ ಲಟ್ಟಿಸಿ ಓವನ್ನಿನಲ್ಲಿ ಸುಟ್ಟ ಪದರಗಳು, ನಡುವೆ ಹಾಲಿನ ಕ್ರೀಮು.

ಆ ಊರಲ್ಲೂ ಭಾನುವಾರ ಬೆಳಿಗ್ಗೆ ಸಂತೆ. ಅಲ್ಲೊಂದು ಜಾಗ ಬೇಕೆಂದು ಸಂತೆಯ ಉಸ್ತುವಾರಿ ಹೆಂಗಸಿನ ಹಿಂದೆ ಬಿದ್ದಿದ್ದೆ. "ಸಮೋಸ ಮಾರುವುದಾದರೆ ನೋಡೋಣ. ನಮ್ಮ ಸಿಹಿಯನ್ನು ನಮಗೇ ಮಾರುತ್ತೀರಾ?" ಎಂದು ನಕ್ಕಳು. ನಾನು ಪಟ್ಟು ಹಿಡಿದೆ. "ಬರುವ ಭಾನುವಾರ ಸಂಜೆ ನನ್ನ ಮಿಲ್‌ಫೋಯ್ ತಿಂದು ನೋಡಿ. ಹಿಡಿಸದಿದ್ದರೆ ಇನ್ನೆಂದೂ ನಿಮ್ಮ ಬಾಗಿಲಿಗೆ ಬರುವುದಿಲ್ಲ." ಸಂತೆಯ ಚೌಕದಲ್ಲೇ ಸಿಗುತ್ತೇನೆಂದು ಅವಳು ಒಪ್ಪಿದಳು. ನನಗಿದ್ದದ್ದು ಅದೊಂದೇ ಅವಕಾಶ.

ಆಗ ಕೊರಟಗೆರೆಯಿಂದ ಅತ್ತೆ ಬಂದಿದ್ದರು. ಲಿಂಗ ಕಟ್ಟಿದ ಮನೆತನ, ಮೊಟ್ಟೆ ಮನೆಯೊಳಗೆ ಬರುವಂತಿಲ್ಲ. ಅದಕ್ಕೇ ಕ್ರೀಮನ್ನು ಹಾಲು, ಕಾರ್ನ್‌ಫ್ಲೋರಿನಲ್ಲಿ ಹದ ಮಾಡಿಟ್ಟಿದ್ದೆ. ಹಿಟ್ಟೂ ನಾದಿಟ್ಟಿದ್ದೆ. ಆ ಭಾನುವಾರ ಸ್ಟ್ರಾಬೆರಿ ತರಲು ಸಂತೆಗೆ ಹೋದೆ. ಹಣ್ಣನ್ನು ಯಾವತ್ತೂ ಸಂತೆ ಏಳುವ ಹೊತ್ತಿಗೇ ಕೊಳ್ಳಬೇಕು, ಮಾರುವವರು ಉಳಿದದ್ದನ್ನು ಮನೆಗೊಯ್ಯುವುದಕ್ಕಿಂತ ಬಂದಷ್ಟಕ್ಕೆ ಕೊಡುತ್ತಾರೆ. ಚೌಕಾಸಿಯಲ್ಲಿ ಗೆದ್ದು ಮನೆಗೆ ಬಂದರೆ ಮೆಟ್ಟಿಲಿನವರೆಗೂ ಘಮಘಮ.

"ಏನ್ ಮಾಡ್ತಿದೀರಾ ಅತ್ತೆ?"

"ಬೆಣ್ಣೆ ಹಂಗೇ ಬಿದ್ದಿತ್ತು ಕಣಮ್ಮ. ಮುಗ್ಗಲು ವಾಸ್ನೆ ಬಂದ್ಬುಡ್ತದೆ ಅಂತ ಕಾಯಿಸ್ಬುಟ್ಟೆ. ನನ್ ಚೀಲ್ದಾಗೆ ಒಂದ್ ವೀಳ್ಯದೆಲೆ ಇತ್ತು, ಅದ್ನೂ ಹಾಕಿದೀನಿ. ನೋಡು, ಹೆಂಗೆ ಹರಳುಗಟ್ತದೆ ಅಂತ!"

ಸೌಟಿನಲ್ಲಿ ಹೊನ್ನಿನ ಬಣ್ಣದ ತುಪ್ಪ. ಬೇಕರಿಯವನ ಕೈಕಾಲು ಹಿಡಿದು ತಂದಿದ್ದ ಅಷ್ಟೂ ಬೆಣ್ಣೆ ಆ ಪಾತ್ರೆಯಲ್ಲಿತ್ತು. ಬೆಣ್ಣೆ ಕಂಡರೆ ಕಾಯಿಸುವುದು ನಮ್ಮ ಕಡೆಯ ಹೆಂಗಸರ ಕೈಗೆ ಅಂಟಿದ ಧರ್ಮ, ಯಾರನ್ನು ಬೈಯಲಿ? ಅಲ್ಲಿ ಭಾನುವಾರ ಮಧ್ಯಾಹ್ನವಾದರೆ ಒಂದು ಅಂಗಡಿಯೂ ತೆರೆದಿರುವುದಿಲ್ಲ.

"ಅಯ್ಯೋ, ಅದು ಪದರಕ್ಕೆ ಇಟ್ಟಿದ್ದು! ನಮ್ ಚಿರೋಟಿ ಇದ್ದಂಗೆ, ಇದು ಇವರ ಚಿರೋಟಿ."

"ಚಿರೋಟಿಗೆ ಬೆಣ್ಣೆ ಯಾವೋಳ್ ಹಾಕ್ತಾಳೆ? ತುಪ್ಪ ತಾನೆ?" ಎಂದು ಅತ್ತೆ ನನಗೇ ತಿರುಗಿಬಿದ್ದರು.

ಸಿಟ್ಟಿನಲ್ಲೇ ನನ್ನ ತಲೆ ಓಡಿತು. ಚಿರೋಟಿಗೆ ತುಪ್ಪಕ್ಕೆ ಅಕ್ಕಿಹಿಟ್ಟು ಸೇರಿಸಿ ಕಡೆದು ಸಾಟಿ ಮಾಡುತ್ತೇವಲ್ಲ? ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು, ತುಪ್ಪ ಬೆಳ್ಳಗೆ ಬೆಣ್ಣೆಯಂತಾಗುವವರೆಗೂ ಕಡೆದೆ. ಅಕ್ಕಿಹಿಟ್ಟು ಹಾಕಿದೆ. ಹಿಟ್ಟಿನ ಮೇಲೆ ಸವರಿ, ಮಡಚಿ, ಫ್ರಿಜ್ಜಿನಲ್ಲಿಟ್ಟು, ತೆಗೆದು ಲಟ್ಟಿಸಿ, ಮತ್ತೆ ಒಳಗಿಟ್ಟೆ. ಅತ್ತೆ ಲಟ್ಟಣಿಗೆ ಕಿತ್ತುಕೊಂಡು ಅಂಚು ತೆಳ್ಳಗೆ ಮಾಡಿಕೊಟ್ಟರು. ಓವನ್ ಬಾಗಿಲು ತೆಗೆದಾಗ ಮಾತ್ರ ಜಗಳಕ್ಕೇ ನಿಂತರು.

"ಕರಿಯೋದಿಲ್ವಾ? ಎಣ್ಣೆ ಇಲ್ದೆ ಚಿರೋಟಿನಾ? ಬಿಸ್ಲಿಗೆ ಹಾಕಿ ಒಣಗಿಸ್ಬುಡು, ಸಂಡಿಗೆನಾದ್ರೂ ಆಗ್ಲಿ!"

ನಾನು ಜಗ್ಗಲಿಲ್ಲ. ಗಾಜಿನೊಳಗೆ ಪದರ ಮೆಲ್ಲಗೆ ತಲೆಯೆತ್ತತೊಡಗಿದಾಗ ಇಬ್ಬರೂ ನೆಲಕ್ಕೆ ಕೂತು ನೋಡಿದೆವು. ಬೆಣ್ಣೆಯದಷ್ಟು ಉಬ್ಬಲಿಲ್ಲ, ನಿಜ. ಆದರೆ ಮುಟ್ಟಿದರೆ ಪುಡಿಯಾಗುವಂಥ ಗರಿಗರಿ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಪರ್ವಾಗಿಲ್ಲ ಕಣೆ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಹುಮಾನ.

ಪದರಗಳ ನಡುವೆ ಕ್ರೀಮು, ಸ್ಟ್ರಾಬೆರಿ ಇಟ್ಟು, ಸಂಜೆ ಡಬ್ಬಿ ಹಿಡಿದು ಇಬ್ಬರೂ ಸಂತೆಯ ಚೌಕಕ್ಕೆ ಹೋದೆವು. ಉಸ್ತುವಾರಿ ಹೆಂಗಸು ನಿಂತೇ ಫೋರ್ಕ್ ಚುಚ್ಚಿದಳು. ಕರಕ್ ಎಂದಿತು. ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಇದು ಯಾವ ಬೆಣ್ಣೆ?"

"ಕಾಯಿಸಿದ್ದು. ನಮ್ಮ ಅತ್ತೆ ಕಾಯಿಸಿದ್ದು," ಎಂದೆ. ಸಾಮಗ್ರಿ ಯಾವುದೆಂದು ಮುಚ್ಚಿಡಬೇಡಿ, ಹದ ಮಾತ್ರ ಬಿಟ್ಟುಕೊಡಬೇಡಿ.

ಅವಳು ಬೆರಳಿಗಂಟಿದ ಪುಡಿಯನ್ನೂ ನೆಕ್ಕಿದಳು. "ಜಾಗ ಕೊಡುತ್ತೇನೆ. ಹಿಂದೆ, ಆ ಗೋಡೆಯ ಪಕ್ಕ."

"ಏನಂತಾಳೆ?" ಎಂದರು ಅತ್ತೆ. ಹೇಳಿದೆ. "ಹಿಂದ್ಗಡೆ ಕುಂತ್ರೆ ಯಾವ್ ನಾಯಿ ಬತ್ತದೆ? ಬಡವನಹಳ್ಳಿ ಸಂತೇಲಿ ನಿಮ್ಮವ್ವ ಹಿಂದ್ಗಡೆ ಕುಂತ್ಕಂಡು ಹುಣಸೆಹಣ್ಣ ಮಾರ್ತಿದ್ಲಾ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಕೇಳಿಸಿಕೊಳ್ಳಿ, ರುಚಿ ನೋಡಿದವರ ಮುಂದೆ ಡಬ್ಬಿ ತೆರೆದಿಟ್ಟುಕೊಂಡು ಚೌಕಾಸಿ ಮಾಡಬಾರದು. ಅವಳ ಕಣ್ಣು ಮುಚ್ಚಳದ ಮೇಲೇ ಇತ್ತು. "ಸರಿ, ಬ್ರೆಡ್ಡಿನವನ ಪಕ್ಕ," ಎಂದಳು. ಜನರೆಲ್ಲ ಮೊದಲು ಬರುವುದೇ ಅಲ್ಲಿಗೆ!

ಅವಳು ಜೇಬಿನಿಂದ ಚಾಕ್‌ಪೀಸ್ ತೆಗೆದು ಕಲ್ಲುಹಾಸಿನ ಮೇಲೆ ಚೌಕ ಗೀಚಿದಳು. ಅತ್ತೆ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಗೆರೆಯುದ್ದಕ್ಕೂ ಗೇಣು ಹಾಕಿದರು. ತಲೆಯಾಡಿಸಿದರು.

"ಇಬ್ರು ಕುಂತ್ಕಳಕ್ಕೆ ಸಾಲಲ್ಲ. ಇನ್ನೊಂದ್ ಗೇಣು ಬುಡು ಅನ್ನು ಅವಳ್ಗೆ."

ನಾನು ಭಾಷಾಂತರ ಮಾಡಲಿಲ್ಲ. ಬೇಕಾಗಲೂ ಇಲ್ಲ. ಆ ಹೆಂಗಸು ನಗುತ್ತಾ ಬಗ್ಗಿ, ಹಳೆಯ ಗೆರೆಯನ್ನು ಬೂಟಿನಲ್ಲಿ ಅಳಿಸಿ, ಅತ್ತೆಯ ಕಿರುಬೆರಳು ಮುಟ್ಟಿದಲ್ಲಿಗೆ ಹೊಸದನ್ನು ಎಳೆದಳು.