ಬಿಳಿ ಬಾಗಿಲಿಗೆ ಕೆಂಪು ಪೆನ್ಸಿಲು

ಬಿಳಿ ಎಂಬುದು ಒಂದು ಬಣ್ಣವಲ್ಲ, ಅದೊಂದು ದೊಡ್ಡ ಅವಿಭಕ್ತ ಕುಟುಂಬ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿದ್ದ ಸಂಗತಿಯೇ. ಆದರೆ ಆ ಕುಟುಂಬದ ಒಳಜಗಳ ನನ್ನ ಮನೆಯ ಮುಂದೆಯೇ, ನನ್ನದೇ ಕಾರಿನ ಮೈಮೇಲೆ ನಡೆದೀತೆಂದು ಎಣಿಸಿರಲಿಲ್ಲ. ಅರಸೀಕೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಎಳನೀರಿನ ಗಂಜಿಯ ಬಿಳುಪು ಬೇರೆ, ಆಗತಾನೆ ಒಡೆದ ಬಲಿತ ಕಾಯಿಯ ಬಿಳುಪು ಬೇರೆ, ಅಟ್ಟದ ಮೇಲೆ ವರ್ಷ ಕಳೆದ ಕೊಬ್ಬರಿಯ ಬಿಳುಪೇ ಬೇರೆ. ನನ್ನ ಕಾರು ಹುಟ್ಟಿದ್ದು ಎರಡನೆಯ ಬಿಳುಪಿನಲ್ಲಿ. ರಿಪೇರಿಯಾಗಿ ಬಂದ ಅದರ ಎಡಬದಿಯ ಮುಂಬಾಗಿಲು ಮೂರನೆಯದರಲ್ಲಿ. ಬೆಳಿಗ್ಗೆ ಎಂಟರ ಬಿಸಿಲು ಕಾಂಪೌಂಡ್ ದಾಟಿ ಒಳಗೆ ಬಿದ್ದೊಡನೆ ಆ ಬಾಗಿಲೊಂದು ಮಾತ್ರ, ಗುರುತಿಲ್ಲದ ಮದುವೆಗೆ ಬಂದವರ ಹಾಗೆ ಬೇರೆಯಾಗಿ ನಿಂತುಬಿಡುತ್ತಿತ್ತು. ಬಿಳಿ ಅಂದರೆ ಬಿಳಿಯೇ, ಅದರಲ್ಲೇನು ನೋಡುವುದು ಎಂದು ನನ್ನ ಹೆಂಡತಿ ಸುಶೀಲ ಹೇಳಿದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನ ಜೊತೆ ಸಂಸಾರ ಮಾಡಿಯೂ ಹೀಗೆನ್ನುವವರಿಗೆ ಏನು ಉತ್ತರ ಕೊಡುವುದು, ನೀವೇ ಹೇಳಿ.

ಅಪಘಾತ ಎಂಬ ಘನವಾದ ಪದಕ್ಕೆ ತಕ್ಕದ್ದೇನೂ ನಡೆದಿರಲಿಲ್ಲ. ಬೇಲೂರಿನಲ್ಲಿ ನಾದಿನಿಯ ಮೊಮ್ಮಗುವಿನ ನಾಮಕರಣದ ಊಟ ಮುಗಿಸಿಕೊಂಡು, ಹಗರೆಯಲ್ಲಿ ಹಳೇಬೀಡಿನ ರಸ್ತೆ ಹಿಡಿದು ನಾವಿಬ್ಬರೂ ಊರಿಗೆ ಹಿಂತಿರುಗುತ್ತಿದ್ದೆವು. ಬಸ್ತಿಹಳ್ಳಿ ಹತ್ತಿರವಾಗುತ್ತಿದ್ದಂತೆ ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತ. ಅಲ್ಲಿನ ಬಸದಿಯ ಕಂಬಗಳ ನುಣುಪನ್ನು ಕುರಿತು, ಇಷ್ಟು ಶತಮಾನ ಕಳೆದರೂ ಅವುಗಳಲ್ಲಿ ನಮ್ಮ ಮುಖ ಕಾಣುವ ವಿಸ್ಮಯವನ್ನು ಕುರಿತು ಅವಳಿಗೆ ಎಷ್ಟನೆಯ ಸಲವೋ ಹೇಳುತ್ತಾ, ಕಂಬದ ಗಾತ್ರವನ್ನು ಎರಡೂ ಕೈಗಳಿಂದ ತೋರಿಸಲು ಹೋದೆ. ದೇವರು ಕೊಟ್ಟದ್ದು ಎರಡೇ ಕೈಗಳಾದ್ದರಿಂದ ಸ್ಟಿಯರಿಂಗಿನ ಪಾಲಿಗೆ ಯಾವುದೂ ಉಳಿಯಲಿಲ್ಲ. ಕಾರು ರಸ್ತೆಯಂಚಿಗೆ ಸರಿದು, ತೋಟವೊಂದರ ಗೇಟಿನ ಕಲ್ಲುಕಂಬಕ್ಕೆ ಎಡಪಕ್ಕೆಯನ್ನು ಉಜ್ಜಿಕೊಂಡು ನಿಂತಿತು. ಬಾಗಿಲು ಒಳಕ್ಕೆ ತಗ್ಗಿತ್ತು, ಅದರ ಪಕ್ಕದಲ್ಲೇ ಕುಳಿತಿದ್ದ ಸುಶೀಲಳಿಗೆ ಸದ್ಯ ಏನೂ ಆಗಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ಈ ಕಂಬದಲ್ಲೂ ಮುಖ ಕಾಣುತ್ತದೆಯೋ ಇಳಿದು ನೋಡಿ ಎಂದಷ್ಟೇ ಹೇಳಿದಳು.

ಕಾರಿನ ತಗ್ಗು ಎತ್ತಿ ಬಣ್ಣ ಹೊಡೆಯುವ ಶೆಡ್ಡುಗಳು ಅರಸೀಕೆರೆಯಲ್ಲಿ ನಾಲ್ಕಾರಿವೆ. ನಾನು ಓಂಕಾರಿಯ ಶೆಡ್ಡಿಗೇ ಹೋದದ್ದು ಅವನು ನನ್ನ ಶಿಷ್ಯನೆಂಬ ಕಾರಣಕ್ಕೆ. ನಿವೃತ್ತ ಮೇಷ್ಟ್ರುಗಳಿಗೆ ಇದೊಂದು ಗುಪ್ತ ವ್ಯಸನ. ಬ್ಯಾಂಕಿರಲಿ, ತಾಲ್ಲೂಕು ಕಚೇರಿಯಿರಲಿ, ಯಾರಾದರೂ ಕುರ್ಚಿ ಬಿಟ್ಟೆದ್ದು 'ಬನ್ನಿ ಸಾರ್' ಎನ್ನುತ್ತಾರೋ ಎಂದು ಬಾಗಿಲಲ್ಲೇ ಒಂದು ಗಳಿಗೆ ನಿಂತು ನೋಡುತ್ತೇವೆ. ಕಣಕಟ್ಟೆಯಿಂದ ದಿನವೂ ಬಸ್ಸಿನಲ್ಲಿ ಬಂದು ಓದುತ್ತಿದ್ದ ಓಂಕಾರಿ ಈಗ ನಲವತ್ತು ದಾಟಿದ್ದಾನೆ, ಅವನ ಮೀಸೆಯಲ್ಲೂ ಬಿಳಿಯ ಇನ್ನೊಂದು ಪ್ರಭೇದ ಇಣುಕುತ್ತಿದೆ. ಅವನು ಸ್ಟೂಲು ಒರೆಸಿ ಕೂರಿಸಿದ, ಟೀ ತರಿಸಿದ, ಹದಿನೈದು ದಿನವೆಂದು ಹೇಳಿ ತಿಂಗಳಿಗೆ ಕಾರು ಕೊಟ್ಟ. ಕೊಟ್ಟದ್ದು ಹೊತ್ತು ಮುಳುಗುವ ಸಮಯದಲ್ಲಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸೀರೆ ಆರಿಸಬಾರದೆಂದು ಸುಶೀಲ ಹೇಳುತ್ತಲೇ ಇರುತ್ತಾಳೆ, ಆ ಶಾಸ್ತ್ರ ಕಾರಿಗೂ ಅನ್ವಯಿಸುತ್ತದೆ. ಆದರೂ ಸತ್ಯ ಹೇಳಿಬಿಡುತ್ತೇನೆ, ಆ ಮಬ್ಬಿನಲ್ಲೂ ಬಣ್ಣದ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿತ್ತು. ಅವನು ಕೈ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ನಿಂತು, ಬಾಗಿಲನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.

"ಹೆಂಗೈತೆ ಸಾರ್?" ಎಂದು ಕೇಳಿದ.

"ಚೆನ್ನಾಗಿದೆ ಕಣಯ್ಯ" ಎಂದೆ.

ಈ 'ಚೆನ್ನಾಗಿದೆ' ಎಂಬ ಪದದಷ್ಟು ಉಪಕಾರಿಯಾದ ಪದ ನಮ್ಮ ಕಡೆ ಇನ್ನೊಂದಿಲ್ಲ. ಉಪ್ಪಿಲ್ಲದ ಹುಳಿಗೆ, ಅಪಸ್ವರದ ಹಾಡಿಗೆ, ಹೋಲಿಕೆಯೇ ಇಲ್ಲದ ಭಾವಚಿತ್ರಕ್ಕೆ ಎಲ್ಲಕ್ಕೂ ಅದು ಸಲ್ಲುತ್ತದೆ, ಅಂದವರಿಗೂ ಕೇಳಿದವರಿಗೂ ನೋವಾಗುವುದಿಲ್ಲ. ನೋವಾದದ್ದು ಬಾಗಿಲಿಗೆ. ವಾರ ಕಳೆಯುವಷ್ಟರಲ್ಲಿ ಅದರ ಕೆಳಅಂಚಿನಲ್ಲಿ ಹಪ್ಪಳದ ಮೇಲೆ ಏಳುವಂಥ ಗುಳ್ಳೆಗಳೆದ್ದವು. ಗಾಜು ಅರ್ಧಕ್ಕಿಳಿದು ಅಲ್ಲೇ ಧ್ಯಾನಸ್ಥವಾಯಿತು. ಬಾಗಿಲನ್ನು ಮೆಲ್ಲಗೆ ಮುಚ್ಚಿದರೆ ಕೂರುತ್ತಿರಲಿಲ್ಲ, ಜೋರಾಗಿ ಮುಚ್ಚಿದರೆ ಏಳುತ್ತಿರಲಿಲ್ಲ. ಬಸ್ತಿಹಳ್ಳಿಯ ಕಂಬ ಅಷ್ಟು ಕಾಲದಿಂದ ಕಾಪಾಡಿಕೊಂಡಿರುವ ಹೊಳಪನ್ನು ನನ್ನ ಬಾಗಿಲು ಮೂರು ವಾರವೂ ಕಾಪಾಡಿಕೊಳ್ಳಲಿಲ್ಲ. ನಾನು ಮಾತ್ರ ಓಂಕಾರಿಗೆ ಹೇಳುವ ಬದಲು ಜಗತ್ತಿನಿಂದ ಮುಚ್ಚಿಡುವ ಉಪಾಯಗಳನ್ನು ಹುಡುಕತೊಡಗಿದೆ. ಎಲ್ಲಿ ಹೋದರೂ ಎಡಬದಿ ಗೋಡೆಗೆ ಬರುವಂತೆ ನಿಲ್ಲಿಸುವುದು, ಮದುವೆಮನೆಗೆ ಬಲದಿಕ್ಕಿನಿಂದಲೇ ಪ್ರವೇಶಿಸುವುದು, ಓಂಕಾರಿಯ ಶೆಡ್ಡಿರುವ ರಸ್ತೆಯನ್ನು ಬಿಟ್ಟು ಊರು ಸುತ್ತಿಕೊಂಡು ಮಾರ್ಕೆಟ್ಟಿಗೆ ಹೋಗುವುದು. ಎದುರು ಮನೆಯವರು ಒಂದು ದಿನ, ಎರಡು ಕಾರು ಸೇರಿಸಿ ಒಂದು ಮಾಡಿಸಿದಿರಾ ಎಂದು ಬಹಳ ವಿನಯದಿಂದ ವಿಚಾರಿಸಿದರು.

ಎಲ್ಲಕ್ಕೂ ಒಂದು ಕೊನೆ ಬೇಕಲ್ಲ, ಅದು ಬೇಲೂರಿನಲ್ಲಿ ಬಂತು. ಮಗುವಿಗೆ ಹರಕೆ ತೀರಿಸುವುದಿದೆಯೆಂದು ನಾದಿನಿ ಮತ್ತೆ ಕರೆದಿದ್ದಳು. ದೇವಸ್ಥಾನದ ಗೋಪುರದ ಎದುರಿಗೇ ಕಾರು ನಿಲ್ಲಿಸಿದೆ. ಸುಶೀಲ ಬಾಗಿಲು ತೆಗೆಯಲು ನೋಡಿದಳು, ಅದು ತೆರೆದುಕೊಳ್ಳಲಿಲ್ಲ. ನಾನು ಹೊರಗಿನಿಂದ ಎಳೆದೆ, ಹೂವು ಮಾರುವವರೊಬ್ಬರು ಬಂದು ಎಳೆದರು, ಹಿಡಿಯೇ ನಮ್ಮ ಕೈಗೆ ಬರುವ ಸೂಚನೆ ಕಾಣಿಸಿದಾಗ ಇಬ್ಬರೂ ಬಿಟ್ಟೆವು. ಅರವತ್ತರ ಸಮೀಪದ ನನ್ನ ಹೆಂಡತಿ ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿಯ ಬುಟ್ಟಿಯನ್ನು ತಲೆಯ ಮೇಲಕ್ಕೆತ್ತಿ ಹಿಡಿದು, ಗೇರು ದಾಟಿ, ಡ್ರೈವರ್ ಸೀಟಿನ ಮೇಲೆ ಮೊಣಕಾಲೂರಿ ಹೊರಬಂದಳು. ಒಳಗಿನ ಶಿಲಾಬಾಲಿಕೆಯರ ಭಂಗಿಗಳನ್ನು ನೋಡಲು ಬಂದಿದ್ದ ಪ್ರವಾಸಿಗರು ಈ ಹೊಸ ಭಂಗಿಯನ್ನೂ ನೋಡಿದರು, ಒಬ್ಬರು ಫೋಟೋ ತೆಗೆದರು. ಸುಶೀಲ ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಹೇಳಿದಳು.

"ಊರ ಮಕ್ಕಳ ಹಾಳೆಗೆಲ್ಲ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕ್ತಿದ್ದೋರು ನೀವೇ ತಾನೆ? ಆ ಓಂಕಾರಿಗೆ ಒಂದು ಮಾತು ಹೇಳೋಕೆ ಏನ್ರೀ ಧಾಡಿ? ಈ ಬಾಗಿಲು ನೆಟ್ಟಗಾಗೋ ತನಕ ನಾನು ಈ ಕಾರು ಹತ್ತಲ್ಲ."

ಹತ್ತಲೂ ಇಲ್ಲ. ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ನಾನು ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ, ಹಳೇಬೀಡು ದಾಟಿ ಅರಸೀಕೆರೆಯ ತನಕ ಬಂದೆವು. ಬಸ್ಸು ನಿಂತಲ್ಲೆಲ್ಲ ನಾನೂ ನಿಂತೆ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ದಾರಿಯುದ್ದಕ್ಕೂ ಅವಳ ಪ್ರಶ್ನೆ ನನ್ನ ಜೊತೆ ಎಡಸೀಟಿನಲ್ಲಿ ಕುಳಿತೇ ಇತ್ತು. ಕೆಂಪು ಪೆನ್ಸಿಲಿನ ವಿಷಯ ನಿಜ. ಯಾರ ಕೈಯಲ್ಲಿ ಚಿತ್ರದ ಗೆರೆ ಇದೆಯೆಂದು ನನಗನ್ನಿಸುತ್ತಿತ್ತೋ ಅವರ ಹಾಳೆಯನ್ನು ನಾನು ಬಿಡುತ್ತಿರಲಿಲ್ಲ. ಹೂಜಿಯ ಕತ್ತು ಕೂದಲೆಳೆಯಷ್ಟು ವಾಲಿದ್ದರೂ ಸುತ್ತು ಹಾಕಿ, ತಿರುಗಿ ಬರೆದುಕೊಂಡು ಬಾ ಎನ್ನುತ್ತಿದ್ದೆ. ಅಂಥ ಆರೆಂಟು ಮಕ್ಕಳನ್ನು ವರ್ಷಕ್ಕೊಮ್ಮೆ ಬಸ್ತಿಹಳ್ಳಿಗೆ ಕರೆದೊಯ್ದು ಕಂಬದೆದುರು ನಿಲ್ಲಿಸಿ, ನುಣುಪು ಎಂದರೆ ಇದು ಎಂದು ಹೇಳುತ್ತಿದ್ದೆ. ಉಳಿದವರ ಹಾಳೆಗಳಿಗೆ ಒಂದು ರೈಟು, ಕೆಳಗೆ 'ಗುಡ್'. ಓಂಕಾರಿ ಈ ಎರಡನೆಯ ಪಂಗಡದವನು. ಅವನ ತೆಂಗಿನಕಾಯಿ ಕುಂಬಳಕಾಯಿಯಂತಿರುತ್ತಿತ್ತು, ಕುಂಬಳಕಾಯಿ ಏನಾಗಿರುತ್ತಿತ್ತೋ ಹೇಳಲಾರೆ. ಗುಡ್ ಎಂದು ಬರೆದು ಕಳಿಸುತ್ತಿದ್ದೆ. ಅದನ್ನು ನಾನು ಕರುಣೆಯೆಂದೇ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಓಂಕಾರಿಯ ಶೆಡ್ಡಿಗೆ ಹೋದೆ. ಮಳೆಬೆಳೆ, ಅವನ ಮಗಳ ಓದು, ಕೊಬ್ಬರಿಯ ಧಾರಣೆ ಎಲ್ಲ ಮುಗಿದು ಮಾತು ಖಾಲಿಯಾಯಿತು. ಕೊನೆಗೆ ಕಣ್ಣು ಬಾಗಿಲಿನ ಮೇಲಿಟ್ಟುಕೊಂಡೇ, ಬಣ್ಣ ಕೂಡಿಲ್ಲ, ಬಾಗಿಲೂ ಕೂತಿಲ್ಲ, ತಿರುಗಿ ಮಾಡಬೇಕು ಓಂಕಾರಿ ಎಂದೆ. ಹತ್ತು ವರ್ಷ ಬಿಸಿಲುಂಡ ಕಾರಿಗೆ ಹೊಸ ಬಣ್ಣ ಹೇಗೆ ಕೂಡೀತೆಂದು ಅವನು ವಾದಿಸುತ್ತಾನೆಂದು ಕಾದೆ. ಅವನು ವಾದಿಸಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ.

"ನಂಗೂ ಗೊತ್ತಿತ್ತು ಸಾರ್. ಮೂರು ಸಲ ಹೊಡ್ದೆ, ಕೂಡ್ಲಿಲ್ಲ. ನೀವು ನೋಡ್ತಿದ್ದಂಗೆ ಬೈತೀರಾ, ಎಲ್ಲಿ ತಪ್ಪೈತೆ ಅಂತ ಹೇಳ್ತೀರಾ ಅಂತ ಕಾಯ್ತಿದ್ದೆ. ಚೆನ್ನಾಗಿದೆ ಅಂದ್ಬಿಟ್ರಿ" ಎಂದ. ಬಾಗಿಲಿನ ಗುಳ್ಳೆಯೊಂದನ್ನು ಉಗುರಿನಿಂದ ಕೆರೆದ. "ಸ್ಕೂಲಲ್ಲೂ ಹಂಗೇ ಸಾರ್. ಬೇರೆಯೋರ ಹಾಳೇಗೆಲ್ಲ ಸುತ್ತು ಹಾಕಿ ವಾಪಸ್ ಕೊಡ್ತಿದ್ರಿ. ನನ್ನ ಹಾಳೇಗೆ ಒಂದಿನಾನೂ ಹಾಕ್ಲಿಲ್ಲ. ಇವನ ಕೈಲಿ ಆಗಲ್ಲ ಅಂತ ಬಿಟ್ಬಿಟ್ಟಿದ್ರಿ, ಅಲ್ವಾ ಸಾರ್?"

ದನಿಯಲ್ಲಿ ದೂರು ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ನನಗೆ ಬಹಳ ನಾಚಿಕೆಯಾಯಿತು. ಹೌದು ಎಂದೆ.  ಅವನು ಒಳಗೆ ಹೋಗಿ, ತಗಡಿನ ಮೇಲೆ ಗುರುತು ಹಾಕುವ ಕೆಂಪು ಮೇಣದ ಪೆನ್ಸಿಲೊಂದನ್ನು ತಂದು ನನ್ನ ಕೈಯಲ್ಲಿಟ್ಟ.

"ಎಲ್ಲೆಲ್ಲಿ ತಪ್ಪೈತೋ ಹಾಕಿ ಸಾರ್."

ಹಾಕಿದೆ. ಗುಳ್ಳೆಗೊಂದು, ಅಂಚಿನ ಉಬ್ಬಿಗೊಂದು, ಹಿಡಿಯ ಬುಡಕ್ಕೊಂದು, ಅವನು ಮೀಟಿ ಬಾಗಿಲು ತೆರೆದ ಮೇಲೆ ಕೀಲಿನ ಪಕ್ಕದ ಒರಟಿಗೊಂದು, ಹೀಗೆ ಹನ್ನೊಂದು ಸುತ್ತುಗಳಾದವು. ಬಣ್ಣವನ್ನು ನೆರಳಿನಲ್ಲಿ ಕಲಸದೆ ಬಿಸಿಲಿಗೆ ತಂದು, ಹಳದಿ ತಗ್ಗಿಸಿ ಕಪ್ಪನ್ನು ಸೂಜಿಮೊನೆಯಷ್ಟು ಸೇರಿಸಿ ನೋಡೆಂದೆ. ಆಮೇಲೆ ಹತ್ತು ದಿನ ನಾನೂ ಶೆಡ್ಡಿನಲ್ಲೇ ಇದ್ದೆನೆನ್ನಬಹುದು. ಅವನು ಮಾಡಿದ, ನಾನು ಒಪ್ಪಲಿಲ್ಲ. ಮತ್ತೆ ಮಾಡಿದ, ಮತ್ತೆ ಒಪ್ಪಲಿಲ್ಲ. ಮೂರನೆಯ ಸಲವೂ ಒಪ್ಪದಿದ್ದಾಗ ಅವನು, ಇದು ಕಾರು ಕಣ್ ಸಾರ್, ಬಸ್ತಿಹಳ್ಳಿ ಕಂಬ ಅಲ್ಲ ಎಂದು ಗೊಣಗಿದ. ಶಿಷ್ಯನ ಬಾಯಿಂದ ಆ ಗೊಣಗಾಟ ಕೇಳಿ ನನಗಾದ ಸಂತೋಷ ಇಷ್ಟಷ್ಟಲ್ಲ. ಹಾಳೆ ವಾಪಸು ಪಡೆದ ಮಕ್ಕಳು ಹಾಗೆಯೇ ಗೊಣಗುತ್ತಿದ್ದರು.

ಈ ಸಲ ಅವನು ಕಾರು ತಂದದ್ದು ಬೆಳಿಗ್ಗೆ ಎಂಟಕ್ಕೆ. ಬೇಕೆಂದೇ ಬಿಸಿಲಿನಲ್ಲಿ ನಿಲ್ಲಿಸಿದ. ಹೆಂಗೈತೆ ಎಂದು ಕೇಳಲಿಲ್ಲ, ನಾನೂ ಚೆನ್ನಾಗಿದೆ ಎನ್ನಲಿಲ್ಲ. ಸುಶೀಲ ಬಂದು, ಒಂದೇ ಬೆರಳಿನಿಂದ ಬಾಗಿಲು ತೆರೆದಳು. ಒಳಗೆ ಕೀಲಿನ ಪಕ್ಕ, ಮುಚ್ಚಿದರೆ ಯಾರಿಗೂ ಕಾಣದ ಜಾಗದಲ್ಲಿ, ನುಣ್ಣಗಾದ ಬಿಳಿಯ ಮೇಲೆ ಕೆಂಪು ಸುತ್ತೊಂದು ಕಾಣಿಸಿತು. ಒರಟು ಉಜ್ಜಿ, ಬಣ್ಣ ಹೊಡೆದ ಮೇಲೆ ಅದೇ ಜಾಗಕ್ಕೆ ಓಂಕಾರಿ ತಾನೇ ಮತ್ತೆ ಬರೆದಿದ್ದನೆಂದು ಕಾಣುತ್ತದೆ, ಸುತ್ತು ಸ್ವಲ್ಪ ಕುಂಬಳಕಾಯಿಯ ಆಕಾರದಲ್ಲಿತ್ತು. ಅವಳು ಸೆರಗಿನ ತುದಿಯಿಂದ ಒರೆಸಲು ಹೋದಾಗ ಓಂಕಾರಿ ಮುಂದೆ ಬಂದು, "ಅದೊಂದು ಇರ್ಲಿ ಬಿಡಿ ಅಮ್ಮ" ಎಂದ.

ಈಗ ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ಯಾವ ಬಾಗಿಲು ಯಾವುದೆಂದು ನಾನೇ ಹುಡುಕಬೇಕು. ಒಮ್ಮೊಮ್ಮೆ ಸುಮ್ಮನೆ ಹೋಗಿ ಬಾಗಿಲು ತೆರೆದು ಆ ಸುತ್ತನ್ನು ನೋಡಿ ಮುಚ್ಚುತ್ತೇನೆ, ಇನ್ನೂ ತಪ್ಪು ಹುಡುಕುತ್ತಿದ್ದಾರೆಂದು ಸುಶೀಲ ತಿಳಿಯುತ್ತಾಳೆ. ನಾನು ಗುಡ್ ಎಂದು ಬರೆದ ಹಾಳೆಗಳೆಲ್ಲ ಎಂದೋ ರದ್ದಿಗೆ ಹೋದವು. ಬರೆಸಿಕೊಂಡವರು ಊರ ತುಂಬಾ ಇದ್ದಾರೆ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ನಿಂತು ನಮಸ್ಕಾರ ಸಾರ್ ಎನ್ನುತ್ತಾರೆ. ಚೆನ್ನಾಗಿದ್ದೀಯೇನಪ್ಪ ಎಂದು ಅವರನ್ನು ಕೇಳುವುದಕ್ಕೆ ಈಚೆಗೆ ನನಗೆ ಧೈರ್ಯ ಸಾಲುವುದಿಲ್ಲ.