ಹೊರಗಿನವರಿಗೆ ತೋರಿಸಿದ ಹೆರಿಗೆ ಮನೆ

ನನ್ನ ಚಿಕ್ಕವ್ವ ಹರಿಹರದ ಹತ್ತಿರ ಸಾರಥಿ ಎಂಬ ಊರಿನ ಆಚೆಗಿನ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಅಮ್ಮನ ತಂಗಿ, ನನಗಿಂತ ಹದಿನೈದು ವರ್ಷ ದೊಡ್ಡವಳು. ಓದು ಬರಹ ಬರುತ್ತಿರಲಿಲ್ಲ, ಆದರೆ ಊರಲ್ಲಿ ಯಾರೂ ಅವಳ ಮಾತು ತೆಗೆದುಹಾಕುತ್ತಿರಲಿಲ್ಲ. ಅವಳ ಎರಡು ಕೂಸುಗಳು ಹರಿಹರದ ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲಿ ಹುಟ್ಟಿ ಅಲ್ಲೇ ಹೋಗಿದ್ದವು. ಐವತ್ತರ ದಶಕದಲ್ಲಿ ಅಭಿವೃದ್ಧಿ ಯೋಜನೆಯವರು ಊರಿಗೆ ಬಂದು, ನೀವು ಜಾಗ ಕೊಟ್ಟು ಕೈಲಾದ ಕೆಲಸ ಮಾಡಿದರೆ ಸರ್ಕಾರ ಹೆರಿಗೆ ಮನೆ ಕಟ್ಟಿಸಿ ನರ್ಸನ್ನೂ ಕಳಿಸುತ್ತದೆ ಎಂದಾಗ ಮೊದಲು ಎದ್ದು ನಿಂತವಳು ಅವಳೇ. ಗಂಡನನ್ನು ಒಪ್ಪಿಸಿ ರಸ್ತೆ ಪಕ್ಕದ ತಮ್ಮ ಕಣದ ಜಾಗ ಬರೆದುಕೊಡಿಸಿದಳು. ಊರ ಹೆಂಗಸರನ್ನು ಕಟ್ಟಿಕೊಂಡು ಹೊಳೆಯಿಂದ ಮರಳು ಹೊತ್ತಳು. ಕಟ್ಟಡ ಎದ್ದಿತು, ಬೋರ್ಡೂ ಬಂತು. ನರ್ಸ್ ಮಾತ್ರ ಬರಲಿಲ್ಲ. ವರ್ಷದೊಳಗೆ ಅದು ಗೊಬ್ಬರದ ಚೀಲ ಇಡುವ ಗೋದಾಮಾಯಿತು.

ನಾನು ಆಗ ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಇಪ್ಪತ್ನಾಲ್ಕು ವರ್ಷ. ಒಂದು ದಿನ ಹೆಡ್ಮಿಸ್ಟ್ರೆಸ್ ಕರೆಸಿದರು. ಅವರ ಕೋಣೆಯಲ್ಲಿ ಸರ್ಕಾರದ ಪ್ರಚಾರದ ಕೆಲಸ ನೋಡಿಕೊಳ್ಳುವ ಒಬ್ಬ ಅಧಿಕಾರಿ ಕೂತಿದ್ದರು. ಬೇರೆ ದೇಶದ ಪತ್ರಿಕೆಗಳಿಗೆ ಬರೆಯುವ ಮೂವರು ನಮ್ಮ ಕಡೆ ಬರುತ್ತಾರೆ, ಅವರಲ್ಲಿ ಒಬ್ಬಾಕೆ ಹೆಂಗಸು, ಹಳ್ಳಿಯ ಹೆಂಗಸರ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಲು ಒಬ್ಬ ದುಭಾಷಿ ಬೇಕು ಎಂದರು. ಯಾವ ಊರು ಎಂದು ಕೇಳಿದೆ. ಚಿಕ್ಕವ್ವನ ಊರೇ. ನನಗೆ ಹಿಗ್ಗು ತಡೆಯಲಾಗಲಿಲ್ಲ.

ಅವರು ಬಂದ ದಿನ ನಾನೂ ಅಧಿಕಾರಿಯೂ ಇದ್ದ ಜೀಪು ಬಾತಿ ಎಂಬ ಹಳ್ಳಿ ದಾಟಿ ಹರಿಹರದ ಕಡೆ ಹೋಗುವಾಗ ಆ ಅಧಿಕಾರಿ ದಾರಿಯುದ್ದಕ್ಕೂ ಮಾತಾಡಿದರು. ಹೊರಗಿನವರ ಕಣ್ಣಲ್ಲಿ ನಮ್ಮ ದೇಶ ಎಂದರೆ ಹಾವಾಡಿಗರು, ಬರಗಾಲ, ಭಿಕ್ಷೆ, ಅಷ್ಟೇ. ಅದನ್ನು ಅಳಿಸಬೇಕು ಎಂದೇ ಸರ್ಕಾರ ಹತ್ತು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕಿಸಿ ದೂರದ ದೇಶಗಳಿಗೆ ಕಳಿಸುತ್ತಿದೆ, ಫಿಲಂ ತೆಗೆಸುತ್ತಿದೆ, ಬರೆಯುವವರನ್ನು ಕರೆಸಿ ಹಳ್ಳಿ ತೋರಿಸುತ್ತಿದೆ ಎಂದು ವಿವರಿಸಿದರು. ಅವರು ಕಪಟಿಯಂತೆ ಮಾತಾಡಲಿಲ್ಲ. ಹೇಳುತ್ತಾ ಹೇಳುತ್ತಾ ಮುಂದಿನ ಸೀಟಿನಿಂದ ಪೂರ್ತಿ ನನ್ನ ಕಡೆ ತಿರುಗಿ ಕೂತರು. ನಾನೂ ಸೆರಗು ಸರಿಮಾಡಿಕೊಂಡು, ದೇಶದ ಕೆಲಸಕ್ಕೆ ಹೊರಟವಳಂತೆ ನೆಟ್ಟಗೆ ಕೂತೆ.

ಹಳ್ಳಿ ಮುಟ್ಟಿದಾಗ ಹೆರಿಗೆ ಮನೆ ಗುರುತೇ ಸಿಗಲಿಲ್ಲ. ಸುಣ್ಣ ಬಳಿದಿದ್ದರು. ಗೊಬ್ಬರದ ಚೀಲಗಳೆಲ್ಲ ಶಾಲೆಯ ಒಂದು ಕೋಣೆಗೆ ಹೋಗಿದ್ದವು. ಒಳಗೆ ಎರಡು ಕಬ್ಬಿಣದ ಮಂಚ, ಯಾರದೋ ಮನೆಯ ತೊಟ್ಟಿಲು. ಮೂರು ತಿಂಗಳ ಬಾಣಂತಿಯೊಬ್ಬಳನ್ನು ಮಂಚದ ಮೇಲೆ ಮಲಗಿಸಿದ್ದರು, ಅವಳು ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡಿದ್ದಳು. ಬಿಳಿ ಸೀರೆಯ ನರ್ಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಗೊಬ್ಬರದ ವಾಸನೆ ಮಾತ್ರ ಸುಣ್ಣಕ್ಕೂ ಬಗ್ಗಿರಲಿಲ್ಲ.

ಆ ವಿದೇಶಿ ಹೆಂಗಸು ಚಿಕ್ಕವ್ವನ ಮುಂದೆ ಬಂದು ನಿಂತಳು. ಮೊದಲು ನಿಮ್ಮೂರ ಹೆಂಗಸರು ಎಲ್ಲಿ ಹೆರುತ್ತಿದ್ದರು, ಈಗ ಹೇಗಿದೆ ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಚಿಕ್ಕವ್ವ ಅವಳ ಮುಖವನ್ನೇ ನೋಡುತ್ತಾ ಹೇಳಿದಳು.

"ಈ ನರ್ಸಮ್ಮ ಇವತ್ತು ಮುಂಜಾನೆ ಜೀಪಿನಾಗೆ ಬಂದಾಳೆ. ನೀವು ಹೋದ ಮ್ಯಾಲೂ ಇಲ್ಲೇ ಇರ್ತಾಳೇನು ಅಂತ ಕೇಳು, ಮಗಳೇ. ಇವ್ರು ದೊಡ್ಡೋರು, ಇವ್ರು ಹೇಳಿದ್ರೆ ಸರ್ಕಾರ ಕೇಳ್ತೈತೆ."

ನಾನು ಅಧಿಕಾರಿಯ ಕಡೆ ನೋಡಿದೆ. ಅವರು ಹತ್ತಿರ ಬಂದು, ನಗುಮುಖ ಬದಲಿಸದೆ ಮೆಲ್ಲಗೆ ಕನ್ನಡದಲ್ಲೇ ಅಂದರು: "ಟೀಚರಮ್ಮ, ಮನೆ ಮಾತು ಹೊರಗಿನವರ ಮುಂದೆ ಬೇಡ. ಮುಂದಿನ ತಿಂಗಳು ನರ್ಸ್ ಬರ್ತಾರೆ, ಆರ್ಡರ್ ನಾನೇ ಮಾಡಿಸ್ತೀನಿ. ಒಳ್ಳೆಯದನ್ನ ಹೇಳಿ."

ನಾನು ಹೇಳಿದೆ. ಈಗ ನರ್ಸ್ ಬಂದಿದ್ದಾಳೆ, ಇನ್ನು ನಮಗೆ ಹೆರಿಗೆಯ ಭಯ ಇಲ್ಲ ಎಂದು ಈಕೆ ಹೇಳುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ಹೆಂಗಸು ಅದನ್ನು ಬರೆದುಕೊಂಡು, ಚಿಕ್ಕವ್ವನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಏನಂದಳು ಎಂದು ಚಿಕ್ಕವ್ವ ನನ್ನನ್ನು ಕೇಳಿದಳು. ಸರ್ಕಾರಕ್ಕೆ ಹೇಳ್ತೀನಿ ಅಂದಳು ಎಂದೆ. ಒಂದು ಸುಳ್ಳನ್ನು ಮುಚ್ಚಲು ಅದೇ ಉಸಿರಿನಲ್ಲಿ ಇನ್ನೊಂದು. ಚಿಕ್ಕವ್ವ ಆ ಪರದೇಶದವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಕ್ಯಾಮೆರಾ ಹಿಡಿದವನು ಆಗಲೇ ಫೋಟೊ ತೆಗೆದ.

ನರ್ಸ್ ತಾನು ಮುಂಜಾನೆ ಬಂದ ಜೀಪಿನಲ್ಲೇ ವಾಪಸ್ಸು ಹೋದಳು. ಹರಿಹರದ ಪ್ರವಾಸಿ ಮಂದಿರದಲ್ಲಿ ಕಾಫಿ ಕುಡಿಯುವಾಗ ಅಧಿಕಾರಿ ಒಂದು ಹಾಳೆ ಮುಂದಿಟ್ಟರು. ನಾನು ಕೆಲಸಕ್ಕೆ ಹಾಜರಿದ್ದುದಕ್ಕೆ ಗುರುತು ಇರಬೇಕು ಎಂದುಕೊಂಡು ಓದದೆ ಸಹಿ ಮಾಡಿದೆ.

ವಾರದೊಳಗೆ ಚೀಲಗಳು ಮತ್ತೆ ಅಲ್ಲಿಗೇ ಬಂದವು. ಮುಂದಿನ ತಿಂಗಳು ನರ್ಸ್ ಬರಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಅಧಿಕಾರಿಗೆ ಮೂರು ಪತ್ರ ಬರೆದೆ. ಉತ್ತರವಿಲ್ಲ. ಅವರ ಮಾತನ್ನು ನಂಬಿದ್ದೆ ಎನ್ನುವುದಕ್ಕಿಂತ, ನಂಬುವುದು ನನಗೆ ಅನುಕೂಲವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅಷ್ಟು ತಿಳಿಯಲಿಲ್ಲ. ಸಿಟ್ಟು ಮಾತ್ರ ಬರುತ್ತಿತ್ತು.

ಬೇಸಿಗೆ ರಜೆಗೆ ಮುಂಚೆ ಶಾಲೆಯ ವಿಳಾಸಕ್ಕೆ ಒಂದು ದೊಡ್ಡ ಲಕೋಟೆ ಬಂತು. ಒಳಗೆ ನುಣುಪು ಕಾಗದದ ಪತ್ರಿಕೆ, ಸರ್ಕಾರ ಹೊರದೇಶಗಳಿಗೆ ಕಳಿಸುವುದು. ನಡುವಿನ ಪುಟದಲ್ಲಿ ಚಿಕ್ಕವ್ವ. ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಆದರೆ ನಮ್ಮ ಅಮ್ಮ ಅದನ್ನು ನೋಡಿಬಿಟ್ಟಿದ್ದಳು. ಹತ್ತಿ ಮಾರಾಟಕ್ಕೆಂದು ಗಂಡನ ಜೊತೆ ದಾವಣಗೆರೆಗೆ ಬಂದಿದ್ದ ಚಿಕ್ಕವ್ವನಿಗೆ ಸಂಭ್ರಮದಿಂದ ತೆಗೆದು ತೋರಿಸಿದಳು. ಚಿಕ್ಕವ್ವ ತನ್ನ ಮುಖ ನೋಡಿ ನಕ್ಕಳು, ಮೂಗುತಿ ಕಾಣುತ್ತದೆ ಅಂದಳು. ಆಮೇಲೆ ಫೋಟೊ ಕೆಳಗಿನ ಅಕ್ಷರದ ಮೇಲೆ ಬೆರಳಿಟ್ಟು, ಇದೇನು ಬರೆದಿದ್ದಾರೆ ಎಂದು ಕೇಳಿದಳು.

ಮೂರನೆಯ ಸಲವೂ ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನು ಓದಿ ಕನ್ನಡದಲ್ಲಿ ಹೇಳಿದೆ: ನಮ್ಮೂರಿಗೆ ನರ್ಸ್ ಬಂದಿದ್ದಾಳೆ, ಇನ್ನು ನಮಗೆ ಭಯವಿಲ್ಲ.

"ನಾ ಹಂಗ ಅಂದಿಲ್ಲಲ್ಲ," ಅಂದಳು. ಪತ್ರಿಕೆಯಿಂದ ಬೆರಳು ತೆಗೆದು ಕೇಳಿದಳು, "ನೀ ಅಂದ್ಯಾ?"

ನಾನು ತಲೆ ತಗ್ಗಿಸಿದೆ. ಅವಳು ಬಯ್ಯಲಿಲ್ಲ. ಪತ್ರಿಕೆಯನ್ನು ಮಡಚಿ ಟವೆಲ್ಲಿನಲ್ಲಿ ಸುತ್ತಿಕೊಂಡಳು. ಸೋಮವಾರ ಹರಿಹರಕ್ಕೆ ಬಾ, ಯೋಜನೆಯವರ ಕಚೇರಿಗೆ ಹೋಗೋಣ ಎಂದು ಮಾತ್ರ ಹೇಳಿದಳು.

ಕಚೇರಿಯಲ್ಲಿ ಅವಳು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ನಿಂತಳು. ನರ್ಸ್ ಇದ್ದಾಳೆ ಎಂದು ಸರ್ಕಾರವೇ ಅಚ್ಚು ಹಾಕಿಸಿದೆ, ಹಾಗಾದರೆ ಆಕೆ ಎಲ್ಲಿ, ತೋರಿಸಿ ಎಂದು ಕೇಳಿದಳು. ಅಲ್ಲಿದ್ದ ಗುಮಾಸ್ತರು ಹಿಂದೆ ಮುಂದೆ ತಿರುವಿ ನೋಡಿ ಪತ್ರಿಕೆಯನ್ನು ಅವಳ ಕಡೆ ಸರಿಸಿದರು.

"ಇದು ನಮ್ಮೋರಿಗಲ್ಲಮ್ಮ. ಹೊರಗಿನೋರು ಓದಾಕ ಮಾಡಿದ್ದು."

"ಫೋಟೊದಾಗೆ ಇರಾಕಿ ನಾನು," ಅಂದಳು ಚಿಕ್ಕವ್ವ.

ಅವರು ಎದ್ದು ಹೋಗಿ ಒಂದು ಫೈಲು ತಂದರು. ಅದರೊಳಗೆ ಆ ದಿನ ನಾನು ಸಹಿ ಮಾಡಿದ ಹಾಳೆ ಇತ್ತು. ಗ್ರಾಮದಲ್ಲಿ ನರ್ಸ್ ಕೆಲಸ ಮಾಡುತ್ತಿರುವುದನ್ನು ಕಂಡಿದ್ದೇನೆ, ಗ್ರಾಮಸ್ಥರ ಮಾತನ್ನು ಇದ್ದಂತೆಯೇ ಅನುವಾದಿಸಿದ್ದೇನೆ ಎಂದು ಟೈಪು ಮಾಡಿತ್ತು. ಕೆಳಗೆ ನನ್ನ ಹೆಸರು, ನನ್ನ ಶಾಲೆ. ಓದಿ ಮುಗಿಸಿ ಅವರು ಬೇಸರದಿಂದಲೇ ಹೇಳಿದರು, "ನರ್ಸ್ ಐದಾಳೆ ಅಂತ ನಿಮ್ಮ ಟೀಚರಮ್ಮನೇ ಬರೆದುಕೊಟ್ಟಾರೆ. ಇದ್ದ ಊರಿಗೆ ಇನ್ನೊಬ್ಬಾಕಿನ್ನ ನಾವು ಹೆಂಗೆ ಕೇಳೋದ್ರಿ?"

ಅಲ್ಲೇ ಬೆಂಚಿನ ಮೇಲೆ ಕೂತು, ನಾನು ಮಾತು ತಿರುಚಿದ್ದೆ, ಹಾಳೆ ಓದದೆ ಸಹಿ ಮಾಡಿದ್ದೆ, ಊರಲ್ಲಿ ನರ್ಸ್ ಇಲ್ಲ ಎಂದು ಬರೆದುಕೊಟ್ಟೆ. ಅವರು ಸೀಲು ಹೊಡೆದು ಇಟ್ಟುಕೊಂಡರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಶಾಲೆಯಲ್ಲಿ ಹೆಡ್ಮಿಸ್ಟ್ರೆಸ್, ಇಂಥದ್ದನ್ನೆಲ್ಲ ಬರೆಯುವ ಮುಂಚೆ ನನ್ನನ್ನು ಕೇಳಬೇಕಿತ್ತು ಎಂದು ಗದರಿಸಿದರು.

ಆ ಸೋಮವಾರ ಕಚೇರಿಯಿಂದ ಹೊರಬಂದು ಬಸ್ಸಿಗೆ ಕಾಯುವಾಗ ನಾನು ಆ ಅಧಿಕಾರಿ ಹೇಗೆ ನಂಬಿಸಿ ಕೈಕೊಟ್ಟ ಎಂದು ಹೇಳತೊಡಗಿದೆ. ಚಿಕ್ಕವ್ವ ಕೈಯೆತ್ತಿ ತಡೆದಳು.

"ಆತ ಯಾರೋ. ಆತಗ ನಾನು ಯಾರು? ನೀನು ನನ್ನ ಬಾಯಾಗಿದ್ದೆ, ಮಗಳೇ. ನನ್ನ ಬಾಯಿಂದ ನಾನು ಅನ್ನದ್ದು ಬಂತಲ್ಲ, ಅದೇ ನನಗ ಸಂಕಟ."

ಆಮೇಲೂ ಅವಳು ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಮದುವೆಯಲ್ಲಿ ಓಡಾಡಿ ದುಡಿದಳು. ಆದರೆ ಕಚೇರಿಯ ಕೆಲಸಕ್ಕೆ ನನ್ನನ್ನು ಮತ್ತೆ ಕರೆಯಲಿಲ್ಲ. ಅರ್ಜಿ ಬರೆಸಲು ಊರ ಮೇಷ್ಟರ ಹತ್ತಿರ ಹೋಗುತ್ತಿದ್ದಳು.

ನಾಲ್ಕೈದು ವರ್ಷಗಳ ನಂತರ ಆ ಊರಿಗೆ ನಿಜವಾಗಿ ಒಬ್ಬ ನರ್ಸ್ ಬಂದಳು. ಚಿಕ್ಕವ್ವ ಹೇಳಿ ಕಳಿಸಲಿಲ್ಲ, ಬೇರೆಯವರಿಂದ ಗೊತ್ತಾಯಿತು. ಒಂದು ಭಾನುವಾರ ಹೋದೆ. ನರ್ಸ್ ಕರಾವಳಿ ಕಡೆಯ ಹುಡುಗಿ. ನಾನು ಯಾರೆಂದು ಅವಳಿಗೆ ತಿಳಿಯದು, ಬೇನೆ ಬಂದವಳ ಕಡೆಯವಳಿರಬೇಕೆಂದು ಹೊರಗೆ ಕೂತಿರಲು ಹೇಳಿದಳು. ಹೆರಿಗೆ ಮನೆಯ ಜಗಲಿಯ ಮೇಲೆ ಆಗಲೇ ಚಿಕ್ಕವ್ವ ಕೂತಿದ್ದಳು. ಒಳಗೆ ಪಕ್ಕದ ಮನೆಯ ಸೊಸೆ ನೋವು ತಿನ್ನುತ್ತಿದ್ದಳು. ಚಿಕ್ಕವ್ವ ಸರಿದು ನನಗೆ ಜಾಗ ಮಾಡಿಕೊಟ್ಟಳು. ನಾವಿಬ್ಬರೂ ಮಗುವಿನ ಅಳು ಕೇಳುವ ತನಕ ಅಲ್ಲೇ ಕೂತೆವು.