ಮಲೇಷಿಯಾ ಕಟ್ಟಿಗೆಯ ಹೊಸ್ತಿಲು

ಮಾಮಾನ ಬಲಗಿವಿಯ ಮೇಲೆ, ಬಡಿಗೇರರು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ, ಸದಾ ಒಂದು ತುಂಡು ಹಸಿರು ಸೀಮೆಸುಣ್ಣ ಇರುತ್ತಿತ್ತು. ಹಸಿರೇ ಎಂದು ಆಣೆ ಮಾಡಿ ಹೇಳಲಾರೆ. ನನ್ನ ತಂಗಿ ಅದು ಬಿಳಿ ಎನ್ನುತ್ತಾಳೆ. ಅವರು ಮೂರು ಹೊತ್ತೂ ಕಾಡು ಕಾಡು ಎನ್ನುತ್ತಿದ್ದುದರಿಂದ ಸುಣ್ಣಕ್ಕೆ ಬಣ್ಣ ಹಚ್ಚಿದವಳು ನಾನೇ ಎಂಬುದು ಅವಳ ವಾದ. ಇರಬಹುದು. ಮುಂದೆ ಬರೆಯುವುದರಲ್ಲಿಯೂ ಇಂಥ ಬಣ್ಣ ಎಲ್ಲೆಲ್ಲಿ ಬಿದ್ದಿದೆಯೋ ನನಗೆ ತಿಳಿಯದು.

ಅವರು ನಮ್ಮವ್ವನ ತಮ್ಮ. ಕೆಂಭಾವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ನಾನೂ ತಂಗಿಯೂ ಕೆಲವು ವರ್ಷ ಅವರ ಮನೆಯಲ್ಲಿದ್ದು ಅವರ ಕೈಯಲ್ಲೇ ಓದಿದೆವು. ಹಲಗೆಯ ಮೇಲೆ ಭೂಮಿಯ ಗುಂಡು ಬರೆದು, ಅದರ ನಡುವಿಗೆ ಉಡಿದಾರದಂತೆ ಸಮಭಾಜಕ ವೃತ್ತ ಎಳೆದು, ಎರಡೂ ಬದಿಗೆ ಸುಣ್ಣವನ್ನು ಅಡ್ಡ ಮಲಗಿಸಿ ತಿಕ್ಕುತ್ತಿದ್ದರು. ಅದು ಮಳೆಕಾಡು. ಆಮೇಲೆ ಅಂಗೈಯಿಂದ ಅಲ್ಲಲ್ಲಿ ಒರೆಸುತ್ತಿದ್ದರು. ಅದು ಕಡಿದು ಹೋದದ್ದು. ಪಾಠ ಮುಗಿಯುವ ಹೊತ್ತಿಗೆ ಅರ್ಧ ಕಾಡು ಅವರ ಅಂಗಿಯ ಮೇಲಿರುತ್ತಿತ್ತು. ಜಾಲಿ ಕಂಟಿ ಬಿಟ್ಟರೆ ಬೇರೆ ಕಾಡು ಕಾಣದ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, "ಸರ್, ಆ ಕಾಡ ನೀವು ನೋಡೀರೇನ್ರಿ?" ಎಂದು ಕೇಳಿದ.

"ಇಲ್ಲ. ನಿಮ್ಮ ಮುತ್ಯಾನ ಮುತ್ಯಾನ್ನ ನೀ ನೋಡೀಯೇನು?"

"ಇಲ್ರಿ."

"ಮತ್ತ ಅಂವ ಇದ್ದನೋ ಇಲ್ಲೋ? ಕುಂಡ್ರು."

ಶಾಲೆಯಲ್ಲಿ ಇದು ಚೆನ್ನಾಗಿತ್ತು. ಮನೆಗಳಲ್ಲಿ ಸಹಿಸುವುದು ಕಷ್ಟವಾಗುತ್ತಿತ್ತು. ಯಾರಾದರೂ ಚಹಾಕ್ಕೆ ಕರೆದು ಬಿಸ್ಕೀಟು ಮುಂದಿಟ್ಟರೆ ಪೊಟ್ಟಣ ತರಿಸಿ, ಕನ್ನಡಕ ಹಣೆಗೇರಿಸಿ, ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದರು. "ಇದ್ರಾಗ ತಾಳೆ ಎಣ್ಣಿ ಅದರಿ. ಕಾಡ ಸುಟ್ಟು ತ್ವಾಟಾ ಮಾಡಿ ತೆಗದಿದ್ದು. ಒಲ್ಲೆ." ನೆರೆಯ ಹೆಣ್ಣುಮಗಳೊಬ್ಬಳು, "ನಾವು ಯಾವ ಕಾಡೂ ಸುಟ್ಟಿಲ್ರಿ ಮಾಸ್ತರ, ಚಾಕ್ಕ ಹಾಲು ಕಾಸಾಕತ್ತಿದ್ವಿ ಅಷ್ಟ" ಎಂದದ್ದು ಇನ್ನೂ ಕಿವಿಯಲ್ಲಿದೆ. ಅವರೆದ್ದು ಹೋದ ಮೇಲೆ ಸಮಾಧಾನ ಹೇಳುವ ಪಾಳಿ ನಮ್ಮದು. ಇದೇ ಮನುಷ್ಯ ಕೆಂಭಾವಿ ಸಂತೆಯಲ್ಲಿ ನಿಂತು, ಎಣ್ಣೆ ಯಾವುದೆಂದು ಕೇಳದೆ, ಮಿರ್ಚಿ ಭಜಿ ತಿನ್ನುವುದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದುಕೊಂಡಿದ್ದೇನೆ. ಬೆನ್ನು ಅವರದೇ ಆಗಿತ್ತು.

ನಾನು ಎಂ.ಎ. ಓದುತ್ತಿದ್ದಾಗ ಅಪ್ಪ ಶಹಾಪುರದಲ್ಲಿ ಮನೆ ಕಟ್ಟಿಸಿದರು. ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ಅವರು ಮುಂಬಾಗಿಲಿನ ಚೌಕಟ್ಟಿಗೆಂದು ಯಾದಗಿರಿಯ ಕಟ್ಟಿಗೆ ಅಡ್ಡೆಯಿಂದ ಕೆಂಪಗಿನ, ಗಂಟಿಲ್ಲದ ತೊಲೆಗಳನ್ನು ತಂದರು. ಅವ್ವ ಅವುಗಳ ಮೇಲೆ ಕೈಯಾಡಿಸಿದ್ದೇ ಆಡಿಸಿದ್ದು. ಚೌಕಟ್ಟು ಇನ್ನೂ ಅಂಗಳದಲ್ಲಿ ಮಲಗಿರುವಾಗ ಮಾಮಾ ನೋಡಲು ಬಂದರು. ಅವರೂ ಕೈಯಾಡಿಸಿದರು.

"ಎಲ್ಲೀದಿದು?"

"ಮಲೇಷಿಯಾ ಸಾಲ್ ರಿ ಸರ್," ಎಂದ ಬಡಿಗೇರ. "ಹುಳ ಹತ್ತಂಗಿಲ್ಲ."

ಮಾಮಾ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡರು. ಈ ಒರೆಸಿಕೊಂಡದ್ದು ಮಾತ್ರ ನನಗೆ ಖಾತ್ರಿಯಿದೆ, ಯಾಕೆಂದರೆ ಅವ್ವ ಅದನ್ನು ನೋಡಿದ್ದನ್ನು ನಾನು ನೋಡಿದೆ.

"ಮಾಸ್ತರ, ಆ ಕಾಡೆಲ್ಲಿ, ನಮ್ಮ ಶಹಾಪುರೆಲ್ಲಿ?" ಎಂದು ಅಪ್ಪ ನಕ್ಕರು.

"ನಾನೂ ಅದ ಕೇಳಾಕತ್ತೇನ್ರಿ. ಅಲ್ಲೀದು ಇಲ್ಲಿಗ್ಯಾಕ ಬಂತು? ಹೊಲದಾಗ ಬೇವಿನ ಗಿಡ ಅದಲ್ಲ, ಅದ್ರಾಗ ಮಾಡಸ್ರಿ."

"ಬೇವಿಂದು ಹಿತ್ತಲ ಬಾಗಲಕ್ಕ ಮಾಡಿಸೀವಿ. ಮುಂದಿಂದು ನಾಕು ಮಂದಿ ನೋಡ್ತಾರ."

ನಾನು ಆಗಷ್ಟೇ ವಾದ ಮಾಡಲು ಕಲಿತಿದ್ದೆ. ಮರ ಕಡಿದಾಗಿದೆ, ಹಡಗಿನಲ್ಲಿ ಬಂದಾಗಿದೆ, ನಾವು ಬೇಡವೆಂದರೆ ಅದೇನು ವಾಪಸು ಹೋಗಿ ಚಿಗುರುತ್ತದೆಯೇ ಎಂದೆ. "ಇದು ಚಿಗರಂಗಿಲ್ಲವ್ವಾ," ಎಂದರು. "ನೀವು ತಗೊಂಡ್ರಿ ಅಂದ್ರ ಅಡ್ಡೆದಾಂವ ಇನ್ನೊಂದು ತರಸ್ತಾನ. ಆ ಇನ್ನೊಂದು ಇನ್ನೂ ನಿಂತದ." ಆ ಮಾತಿಗೆ ನನಗೆ ಇನ್ನಷ್ಟು ಸಿಟ್ಟು ಬಂತು. ಇವತ್ತಿಗೂ ಇಳಿದಿಲ್ಲ.

ನಮ್ಮ ಕಡೆ ಮುಂಬಾಗಿಲು ನಿಲ್ಲಿಸುವ ದಿನ ತವರಿನವರು ಆಯೇರಿ ತರಬೇಕು, ಸೀರೆ ಖಣ ಕೊಟ್ಟು, ಚೌಕಟ್ಟು ಮೇಲೇಳುವಾಗ ಮನೆಯೊಡತಿಯ ಅಣ್ಣನೋ ತಮ್ಮನೋ ಅದಕ್ಕೆ ಕೈ ಹಚ್ಚಬೇಕು. ಅವ್ವನಿಗೆ ಇದ್ದವರು ಒಬ್ಬರೇ ತಮ್ಮ, ತವರೆಂದರೆ ಅವರೇ. ಅವರು ಬರುತ್ತಾರೋ ಇಲ್ಲವೋ ಎಂದು ಅವ್ವ ಬೆಳಗಿನಿಂದ ಕೆಂಭಾವಿ ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದಳು. ಬಂದರು. ಹಸಿರು ಇಳಕಲ್ ಸೀರೆ, ಖಣ, ಕಾಯಿ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಆದರೆ ಎದುರಿನ ಬೇವಿನ ಗಿಡದ ನೆರಳು ಬಿಟ್ಟು ಈಚೆ ಬರಲಿಲ್ಲ. ಆರತಿ ತಟ್ಟೆ ಹಿಡಿದಿದ್ದ ಅವ್ವ ತಾನೇ ರಸ್ತೆ ದಾಟಿ ಹೋದಳು.

"ತಮ್ಮಾ, ಬಾ. ಒಂದ್ ಕೈ ಹಚ್ಚು, ಸಾಕು."

"ಅಕ್ಕಾ, ಬ್ಯಾರೆ ಏನರ ಕೇಳು."

"ಬ್ಯಾರೆ ಏನು ಕೇಳಲಿ? ಮಂದಿ ನೋಡಾಕತ್ತಾರ."

"ನೋಡ್ಲಿ. ಯಾಕಂತ ಕೇಳಿದ್ರ ಹೇಳ್ತೀನಿ."

ಯಾರೂ ಕೇಳಲಿಲ್ಲ. ಅದೇ ನನಗೆ ಅತ್ಯಂತ ರೇಜಿಗೆಯ ಸಂಗತಿ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಇದು ಕಾಡಿನ ವಿಷಯ ಎಂದು ತಿಳಿಯಲಿಲ್ಲ. ಅಕ್ಕನ ಏಳಿಗೆ ಕಂಡು ತಮ್ಮನಿಗೆ ಹೊಟ್ಟೆಕಿಚ್ಚು ಎಂದು ಹೆಂಗಸರು ನಮ್ಮೆದುರೇ ಮಾತಾಡಿಕೊಂಡರು. ಒಂದು ಮರವೂ ಉಳಿಯಲಿಲ್ಲ, ಅವ್ವನ ಮಾನ ಮಾತ್ರ ಹೋಯಿತು. ಕೊನೆಗೆ ಅವ್ವ ತಮ್ಮ ತಂದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಗಂಡಸರ ನಡುವೆ ನುಗ್ಗಿ, ತವರಿನ ಕೈಯನ್ನು ತಾನೇ ಹಚ್ಚಿದಳು.

ಅಂದಿನಿಂದ ಮಾಮಾ ನಮ್ಮ ಮನೆಗೆ ಹಿತ್ತಲಿನಿಂದ ಬರತೊಡಗಿದರು. ಬರುವುದನ್ನು ಬಿಟ್ಟಿದ್ದರೆ ಒಂದು ರೀತಿಯಾಗುತ್ತಿತ್ತು. ಬಿಡಲಿಲ್ಲ. ಮನೆ ಬಳಸಿ, ಕೊಳೆನೀರಿನ ಗಟಾರ ದಾಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಚಪ್ಪಲಿ ಬಿಟ್ಟು, ಬೇವಿನ ಬಾಗಿಲಿನಿಂದ ಒಳಗೆ. ಅಪ್ಪ, "ಏ, ನೋಡ್ರಿ, ಹಿತ್ತಲ್ದಾಗ ಬೆಕ್ಕೋ ಮಾಸ್ತರೋ" ಎನ್ನುತ್ತಿದ್ದರು. ಒಮ್ಮೆ ಅವ್ವ ಸಿಟ್ಟಿಗೆದ್ದು ಆ ಬಾಗಿಲಿಗೆ ಅಗಳಿ ಹಾಕಿಬಿಟ್ಟಳು. ಮಾಮಾ ಒಗೆಯುವ ಕಲ್ಲಿನ ಮೇಲೆ ಕುಳಿತು ಪೇಪರು ಓದಿದರು. ಅವ್ವ ಕಿಟಕಿಯ ಸರಳಿನ ನಡುವಿನಿಂದ ಚಹಾ ಕೊಟ್ಟಳು. ಕಪ್ಪಿನ ಕೆಳಗಿನ ಬಸಿ ಹಾಯಲಿಲ್ಲ. ಬಸಿ ಕೊಡುವ ಸಲುವಾಗಿ ಬಾಗಿಲು ತೆರೆದಳು. ಮುಂದೆ ಎಂದೂ ಅಗಳಿ ಹಾಕಿದ್ದು ನೆನಪಿಲ್ಲ.

ಒಂದು ದಿನದ ಹೊರತು. ಅಪ್ಪ ತೀರಿಕೊಂಡ ಮೇಲಿನ ಮಾತು. ಹಿತ್ತಲಿಗೆ ಮಂಗಗಳು ಬರತೊಡಗಿದ್ದವೆಂದು ಆ ಬಾಗಿಲಿಗೆ ಅಂದು ಅಗಳಿ ಹಾಕಿದ್ದೆವು ಎಂದು ನನ್ನ ನೆನಪು. ತಂಗಿ ಇದನ್ನೂ ಒಪ್ಪುವುದಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಅವ್ವ ಕುಳಿತಲ್ಲಿಯೇ ವಾಲಿದಳು, ಬಾಯಿ ಒಂದು ಕಡೆ ಎಳೆಯಿತು. ಮನೆಯಲ್ಲಿದ್ದವಳು ನಾನೊಬ್ಬಳೇ. ಆಟೊ ಹುಡುಕಲು ಮುಂಬಾಗಿಲು ಹಾರು ಹೊಡೆದು ಓಡಿದೆ. ಆಟೊ ಹತ್ತಿಕೊಂಡು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಮಾಮಾ ಇದ್ದರು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಕ್ಕಾ, ನಾ ಬಂದೀನಿ ನೋಡು, ಇಲ್ಲಿ ನೋಡು" ಎನ್ನುತ್ತಿದ್ದರು. ಅವರ ಒಂದು ಚಪ್ಪಲಿ ಹೊಸ್ತಿಲಾಚೆ, ಒಂದು ಈಚೆ ಬಿದ್ದಿತ್ತು. ಮುಂಬಾಗಿಲಿನ ಹೊಸ್ತಿಲು. ಹಾಗೆಂದು ನನಗೆ ಕಾಣುತ್ತದೆ. ಆದರೆ ಆ ಗಾಬರಿಯಲ್ಲಿ ಚಪ್ಪಲಿ ನೋಡುವಷ್ಟು ವ್ಯವಧಾನ ನನಗಿತ್ತೇ? ಆಮೇಲೆ ಬೇಕೆಂದೇ ನಾನು ಅವನ್ನು ಅಲ್ಲಿ ತಂದಿಟ್ಟೆನೇ?

ಆಸ್ಪತ್ರೆಗೆ ಹೊರಡುವಾಗ ಎಲ್ಲರೂ ಮುಂದಿನಿಂದಲೇ ಹೋದೆವೋ ಏನೋ, ಅದೂ ಕಲಸಿಹೋಗಿದೆ. ಅವ್ವ ಉಳಿದಳು, ಮಾತೂ ಮರಳಿತು. ಮನೆಗೆ ಕರೆತಂದ ಮೇಲೆ ಮಾಮಾ ನೋಡಲು ಬಂದರು. ಗಟಾರ ದಾಟಿ, ಹಿತ್ತಲಿನಿಂದ. ನಾನು ಏನೋ ಕೇಳಲು ಬಾಯಿ ತೆರೆದೆ. "ಮುಂಜಾಲೆ ಗುಳಿಗಿ ಕೊಟ್ಟೀಯಿಲ್ಲ?" ಎಂದು ನನ್ನನ್ನೇ ಕೇಳಿದರು.

ಹೋದ ವರ್ಷ ಕೆಂಭಾವಿಯಲ್ಲಿ ತೀರಿಕೊಂಡರು. ನಮ್ಮ ಚೌಕಟ್ಟು ಹಾಗೆಯೇ ಇದೆ, ಬಡಿಗೇರ ಹೇಳಿದಂತೆ ಹುಳ ಹತ್ತಿಲ್ಲ. ಆ ಕಾಡುಗಳನ್ನು ಈಗಲೂ ಕಡಿಯುತ್ತಿದ್ದಾರೆ. ಅಡುಗೆಮನೆಗೆ ಹೊಸ ಬಾಗಿಲು ಹಾಕಿಸಬೇಕೆಂದು ಮೊನ್ನೆ ಅಡ್ಡೆಗೆ ಹೋದ ನಾನು, "ಎಲ್ಲೀದಿದು?" ಎಂದೆ. ಅಡ್ಡೆಯವನು, "ನಿಮಗ್ಯಾಕ್ರಿ ಮೇಡಂ, ಗಟ್ಟಿ ಅದ" ಎಂದ. ಬೇಡವೆಂದು ಎದ್ದು ಬಂದೆ. ಬಿಸ್ಕೀಟಿನ ಪೊಟ್ಟಣವನ್ನೂ ತಿರುಗಿಸಿ ಓದುತ್ತೇನೆ, ಓದುವಾಗೆಲ್ಲ ಅವರನ್ನು ಬೈಯುತ್ತೇನೆ. ಕಾಡಿಗೆ ಇದರಿಂದ ಏನಾಯಿತೋ ತಿಳಿಯದು. ನನ್ನ ಚಹಾದ ಹೊತ್ತಂತೂ ಕೆಟ್ಟಿದೆ.

ಅಡ್ಡೆಯಿಂದ ಬಂದ ಸಂಜೆ ಅವ್ವ ಮುಂಬಾಗಿಲಿನ ಹೊಸ್ತಿಲ ಮೇಲೆ ಕುಳಿತು ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು ಕೇಳಿದೆ. ಅವಳು ಎಲೆ ಬಿಡಿಸಿ ಮುಗಿಸಿ, ಕಡ್ಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಹೋದಳು. ಆಮೇಲೆ ಇನ್ನೆರಡು ಸಲ ಕೇಳಿದ್ದೇನೆ. ಅವಳ ಕಿವಿ ಚೆನ್ನಾಗಿಯೇ ಇದೆ.

"ಅವ್ವಾ, ಆವತ್ತು ನಿನ್ನ ಕಣ್ಣು ತೆರದ ಇದ್ವು. ಮಾಮಾ ಯಾವ ಬಾಗಲದಿಂದ ಒಳಗ ಬಂದ?"